ಆನ್‌ಲೈನ್ ಐಟಿ ಡಿಗ್ರಿ: ಪರೀಕ್ಷೆಗೆ ಒಂದು ದಾರಿ, ಬರಹಕ್ಕೆ ಇನ್ನೊಂದು

ಸರ್ಟಿಫಿಕೇಶನ್ ಪರೀಕ್ಷೆಗಳನ್ನೂ ಒಳಗೊಂಡ ಆನ್‌ಲೈನ್ ಐಟಿ ಡಿಗ್ರಿ ಹೊರಗಿನಿಂದ ನೋಡುವವರಿಗೆ ಒಂದೇ ಕೋರ್ಸು. ಒಳಗೆ ಹೊಕ್ಕವರಿಗೆ ಅದು ಎರಡು ಬೇರೆ ಬೇರೆ ಕೆಲಸ. ಒಂದು ಕಡೆ ಕಾಂಪ್‌ಟಿಯಾ, ಸಿಸ್ಕೊ, ಎಡಬ್ಲ್ಯೂಎಸ್ (ಅಮೆಜಾನ್‌ನ ಕ್ಲೌಡ್ ವಿಭಾಗ) ಮುಂತಾದ ಸಂಸ್ಥೆಗಳು ಕೊಡುವ ಸರ್ಟಿಫಿಕೇಶನ್‌ಗಳ ಪರೀಕ್ಷೆಗಳು. ಅಲ್ಲಿ ಗಡಿಯಾರ ಓಡುತ್ತಿರುತ್ತದೆ, ಉತ್ತರ ತಲೆಯಲ್ಲೇ ಇರಬೇಕು. ಇನ್ನೊಂದು ಕಡೆ ರೂಬ್ರಿಕ್, ಅಂದರೆ ಅಂಕ ಕೊಡುವ ಮಾನದಂಡಗಳ ಪಟ್ಟಿ, ಪ್ರಕಾರ ಬರೆದು ಸಲ್ಲಿಸುವ ರಿಪೋರ್ಟುಗಳು. ಅಲ್ಲಿ ಪುಸ್ತಕ ತೆರೆದಿಟ್ಟುಕೊಳ್ಳಬಹುದು, ಆದರೆ ಪ್ರತಿ ಮಾತಿಗೂ ಕಾರಣ ಕೊಡಬೇಕು. ಎರಡಕ್ಕೂ ಒಂದೇ ಥರ ಓದಿದರೆ ಎರಡೂ ಅರ್ಧಂಬರ್ಧ ಆಗುತ್ತವೆ. ಓದುವ ದಾರಿಗಳನ್ನು ಒಂದರ ಪಕ್ಕ ಒಂದಿಟ್ಟು ಬಳಸಿ ನೋಡಿದ್ದೇನೆ. ಯಾವುದು ಎಲ್ಲಿ ಕೆಲಸಕ್ಕೆ ಬಂತು, ಯಾವುದು ಸುಮ್ನೆ ಸಮಯ ತಿಂದಿತು ಅನ್ನುವುದು ಇಲ್ಲಿದೆ.

ವೀಡಿಯೊ, ಪುಸ್ತಕ, ಪ್ರಶ್ನೆಗಳು, ಲ್ಯಾಬ್

ಮೊದಲು ಪರೀಕ್ಷೆಯ ಲೆಕ್ಕ ಗೊತ್ತಿರಲಿ. ಕಾಂಪ್‌ಟಿಯಾದ ಭದ್ರತಾ ಪರೀಕ್ಷೆ ಸೆಕ್ಯೂರಿಟಿ ಪ್ಲಸ್‌ನಲ್ಲಿ ಹೆಚ್ಚೆಂದರೆ 90 ಪ್ರಶ್ನೆ, ಸಮಯ 90 ನಿಮಿಷ. 100ರಿಂದ 900ರವರೆಗಿನ ಅಳತೆಯಲ್ಲಿ 750 ಬಂದರೆ ಪಾಸು. ಅದರದ್ದೇ ನೆಟ್‌ವರ್ಕ್ ಪ್ಲಸ್‌ಗೂ ಅಷ್ಟೇ ಪ್ರಶ್ನೆ, ಅಷ್ಟೇ ಸಮಯ, ಪಾಸಿಗೆ 720. ಕಂಪ್ಯೂಟರ್ ಬೆಂಬಲದ ಮೂಲ ಪಾಠಗಳ ಎ ಪ್ಲಸ್ ಎರಡು ಪರೀಕ್ಷೆಗಳ ಜೋಡಿ, ಒಂದಕ್ಕೆ 675, ಇನ್ನೊಂದಕ್ಕೆ 700. ಅಂದರೆ ಒಂದು ಪ್ರಶ್ನೆಗೆ ಸರಾಸರಿ ಒಂದೇ ನಿಮಿಷ. ಕೂತು ಯೋಚಿಸಿ ಉತ್ತರ ಹುಟ್ಟಿಸುವಷ್ಟು ಪುರುಸೊತ್ತು ಇಲ್ಲ.

ವೀಡಿಯೊ ಎಲ್ಲಕ್ಕಿಂತ ಹಿತವಾದ ದಾರಿ. ಪ್ರೊಫೆಸರ್ ಮೆಸ್ಸರ್ ಅವರ ಕಾಂಪ್‌ಟಿಯಾ ವೀಡಿಯೊಗಳು ಉಚಿತ. ಪರೀಕ್ಷೆಯ ವಿಷಯಪಟ್ಟಿಯ ಕ್ರಮದಲ್ಲೇ ಸಾಗುತ್ತವೆ, ಅನಗತ್ಯ ಮಾತಿಲ್ಲ. ಎ ಪ್ಲಸ್‌ನಂತೆ ಪ್ರಿಂಟರ್‌ನಿಂದ ಹಿಡಿದು ವಿಂಡೋಸ್ ಸೆಟ್ಟಿಂಗ್‌ವರೆಗೆ ಹರಡಿಕೊಂಡ ಪಠ್ಯಕ್ಕೆ ಇದಕ್ಕಿಂತ ಸಲೀಸಾದ ಆರಂಭ ನನಗೆ ಸಿಕ್ಕಿಲ್ಲ. ತೊಂದರೆ ಏನೆಂದರೆ ನೋಡುತ್ತಿರುವಾಗ ಎಲ್ಲವೂ ಅರ್ಥವಾದ ಹಾಗೆ ಅನಿಸುತ್ತದೆ. ವೀಡಿಯೊ ಮುಗಿಸಿ ಖಾಲಿ ಹಾಳೆ ತೆಗೆದುಕೊಂಡರೆ ಅರ್ಧವೂ ನೆನಪಿಗೆ ಬರುವುದಿಲ್ಲ.

ಪುಸ್ತಕ ಇದಕ್ಕೆ ತದ್ವಿರುದ್ಧ. ಎಲ್ಲವೂ ಅದರಲ್ಲಿದೆ, ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ. ಮೊದಲ ಪುಟದಿಂದ ಕೊನೆಯವರೆಗೆ ಓದಲು ಹೊರಟರೆ ಮಧ್ಯದಲ್ಲೇ ಸುಸ್ತು. ಗೆರೆ ಎಳೆಯುವುದು, ಹಳದಿ ಬಣ್ಣ ಬಳಿಯುವುದು ಇನ್ನೂ ಮೋಸ. 2013ರಲ್ಲಿ ಮನೋವಿಜ್ಞಾನಿ ಡನ್‌ಲೋಸ್ಕಿ ಮತ್ತು ಸಂಗಡಿಗರು ಓದಿನ ಹತ್ತು ವಿಧಾನಗಳನ್ನು ತೂಗಿ ನೋಡಿದ್ದರು. ಗೆರೆ ಎಳೆಯುವುದು, ಮತ್ತೆ ಮತ್ತೆ ಓದುವುದು ಎರಡಕ್ಕೂ ಕೆಳಗಿನ ದರ್ಜೆ ಸಿಕ್ಕಿತು. ತನ್ನನ್ನೇ ಪರೀಕ್ಷಿಸಿಕೊಳ್ಳುವುದು, ಬಿಡುವು ಕೊಟ್ಟು ಓದುವುದು ಇವೆರಡು ಮೇಲಿನ ದರ್ಜೆ ಪಡೆದವು. ಹಾಗಾಗಿ ಪುಸ್ತಕವನ್ನು ನಾನು ನಿಘಂಟಿನ ಹಾಗೆ ಬಳಸುತ್ತೇನೆ. ತಪ್ಪಿದ ಪ್ರಶ್ನೆಗೆ ಸಂಬಂಧಿಸಿದ ಪುಟ ಮಾತ್ರ ತೆಗೆಯುವುದು.

ಪ್ರಶ್ನೆಗಳಿಂದಲೇ ಓದು ಶುರು ಮಾಡುವುದು ಮೂರನೇ ದಾರಿ. ಏನೂ ಓದದೆ ಮೊದಲ ದಿನವೇ ಒಂದು ಮಾದರಿ ಪರೀಕ್ಷೆ ಬರೆಯಬೇಕು. ಅಂಕ ಕೆಟ್ಟದಾಗಿಯೇ ಬರುತ್ತದೆ, ಬರಲಿ. ಎಲ್ಲಿ ಖಾಲಿ ಇದೆ ಅನ್ನುವ ನಕ್ಷೆ ಕೈಗೆ ಸಿಗುತ್ತದೆ ಅಲ್ವಾ? ಸೆಕ್ಯೂರಿಟಿ ಪ್ಲಸ್‌ನ ಎಸ್‌ವೈ0-701 ಆವೃತ್ತಿಯಲ್ಲಿ ಸೆಕ್ಯೂರಿಟಿ ಆಪರೇಶನ್ಸ್ ಭಾಗಕ್ಕೆ ಪರೀಕ್ಷೆಯ ಶೇ. 28, ಸಾಮಾನ್ಯ ಪರಿಕಲ್ಪನೆಗಳಿಗೆ ಶೇ. 12 ಮಾತ್ರ. ಪುಸ್ತಕದ ಕ್ರಮದಲ್ಲಿ ಹೋದರೆ ಈ ಶೇ. 12ರಲ್ಲೇ ಉತ್ಸಾಹವೆಲ್ಲ ಖರ್ಚಾಗಿಬಿಡುತ್ತದೆ. ಇದಕ್ಕೆ ಸಂಶೋಧನೆಯ ಬೆಂಬಲವೂ ಇದೆ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು ಮುಂದೆ ಹೋದರು. ಸರ್ಟಿಫಿಕೇಶನ್ ಪರೀಕ್ಷೆ ಐದು ನಿಮಿಷದ ನಂತರ ಬರುವುದಿಲ್ಲವಲ್ಲ!

ಆದರೆ ಒಂದೇ ಮಾದರಿ ಪರೀಕ್ಷೆಯನ್ನು ಪದೇ ಪದೇ ಬರೆದು ಶೇ. 95 ಬಂತು ಅಂತ ಖುಷಿಪಡುವ ಹಾಗಿಲ್ಲ. ಪ್ರಶ್ನೆಯ ಮುಖ ನೆನಪಾಗಿದೆ, ವಿಷಯ ಅಲ್ಲ. ಮೊದಲ ಸಲ ನೋಡುವ ಸೆಟ್‌ನಲ್ಲಿ ಶೇ. 85ರ ಆಸುಪಾಸು ಬಂದರೆ ಮಾತ್ರ ನಾನು ತಾರೀಖು ಗೊತ್ತು ಮಾಡುತ್ತೇನೆ. ತಪ್ಪಾದ ಮೂರು ಆಯ್ಕೆಗಳು ಯಾಕೆ ತಪ್ಪು ಅಂತ ಬಾಯಿಬಿಟ್ಟು ಹೇಳಲು ಬರದಿದ್ದರೆ ಆ ಪ್ರಶ್ನೆಯನ್ನು ನಾನು ಸರಿ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಇನ್ನು ಕದ್ದ ಪ್ರಶ್ನೆಗಳ ಡಂಪ್‌ಗಳು. ಅವುಗಳನ್ನು ಬಳಸುವುದನ್ನು ಕಾಂಪ್‌ಟಿಯಾ ನಿಷೇಧಿಸಿದೆ, ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದಾಗಬಹುದು. ಅದರಲ್ಲಿ ಉತ್ತರಗಳೇ ಎಷ್ಟೋ ಸಲ ತಪ್ಪಿರುತ್ತವೆ ಅನ್ನುವುದು ಬೇರೆ ಮಾತು.

ನಾಲ್ಕನೆಯದು ಲ್ಯಾಬ್. ನೆಟ್‌ವರ್ಕಿಂಗ್ ಅಂತ ಬಂದರೆ ಉಳಿದ ಮೂರೂ ಇದರ ಹಿಂದೆ ನಿಲ್ಲಬೇಕು. ಕಂಪ್ಯೂಟರಿನಲ್ಲೇ ನೆಟ್‌ವರ್ಕ್ ಕಟ್ಟಿ ನೋಡುವ ಸಿಸ್ಕೊದ ಪ್ಯಾಕೆಟ್ ಟ್ರೇಸರ್ ಉಚಿತವಾಗಿ ಸಿಗುತ್ತದೆ. ಒಂದು ಉದಾಹರಣೆ ಹೇಳುತ್ತೇನೆ. ಎರಡು ಸ್ವಿಚ್, ಎರಡರಲ್ಲೂ ವಿಲ್ಯಾನ್ 10ಕ್ಕೆ (ಸ್ವಿಚ್ ಒಳಗೆ ಬೇರ್ಪಡಿಸಿದ ಒಂದು ಜಾಲ) ಸೇರಿದ ಒಂದೊಂದು ಕಂಪ್ಯೂಟರ್, ನಡುವೆ ಹಲವು ವಿಲ್ಯಾನ್‌ಗಳನ್ನು ಸಾಗಿಸುವ ಕೊಂಡಿ, ಅಂದರೆ ಟ್ರಂಕ್. ಐಪಿ ಸರಿಯಿದೆ, ಕೇಬಲ್ ಹಸಿರು ತೋರಿಸುತ್ತಿದೆ, ಆದರೂ ಸಂಪರ್ಕ ಪರೀಕ್ಷಿಸುವ ಪಿಂಗ್ ಹೋಗುತ್ತಿಲ್ಲ. ‘ಶೋ ಇಂಟರ್‌ಫೇಸಸ್ ಟ್ರಂಕ್’ ಕಮಾಂಡ್ ಕೊಟ್ಟು ನೋಡಿದರೆ ಅನುಮತಿ ಇರುವ ವಿಲ್ಯಾನ್‌ಗಳ ಸಾಲಿನಲ್ಲಿ 10 ಇಲ್ಲವೇ ಇಲ್ಲ. ಅದನ್ನು ಸೇರಿಸಿದ ತಕ್ಷಣ ಪಿಂಗ್ ಓಡುತ್ತದೆ. ಇದನ್ನು ವೀಡಿಯೊದಲ್ಲಿ ನೋಡಿದರೆ ಎರಡು ನಿಮಿಷದ ಮಾತು. ಕೈಯಾರೆ ಹುಡುಕಿದರೆ ಅರ್ಧ ಗಂಟೆ ಬೇಕು, ಆದರೆ ಆಮೇಲೆ ಮರೆಯುವುದಿಲ್ಲ. ಸಿಸ್ಕೊದ ನೆಟ್‌ವರ್ಕಿಂಗ್ ಪರೀಕ್ಷೆ ಸಿಸಿಎನ್‌ಎಯಲ್ಲಿ ಸಿಮ್ಯುಲೇಶನ್ ಪ್ರಶ್ನೆ ಎದುರಾದಾಗ ನೆರವಿಗೆ ಬರುವುದು ಈ ಅರ್ಧ ಗಂಟೆಯೇ.

ದೊಡ್ಡ ನೆಟ್‌ವರ್ಕನ್ನು ಸಣ್ಣ ಭಾಗಗಳಾಗಿ ಒಡೆಯುವ ಲೆಕ್ಕ, ಅಂದರೆ ಸಬ್‌ನೆಟಿಂಗ್ ಮಾತ್ರ ಲ್ಯಾಬ್‌ಗಿಂತ ಕಾಗದದ ಮೇಲೆ ಚೆನ್ನಾಗಿ ಕೂರುತ್ತದೆ. 192.168.10.77, ಸ್ಲ್ಯಾಷ್ 27. ಒಂದೊಂದು ಬ್ಲಾಕ್‌ನಲ್ಲಿ 32 ವಿಳಾಸ, ಹಾಗಾದರೆ ಬ್ಲಾಕ್‌ಗಳ ಆರಂಭ 0, 32, 64, 96. 77 ಬೀಳುವುದು 64ರಲ್ಲಿ. ಎಲ್ಲರಿಗೂ ಒಟ್ಟಿಗೆ ಕಳಿಸುವ ವಿಳಾಸ (ಬ್ರಾಡ್‌ಕಾಸ್ಟ್) 95, ಬಳಸಬಹುದಾದ್ದು 65ರಿಂದ 94. ಇಷ್ಟನ್ನು ಬೆರಳು ಮಡಿಸುವಷ್ಟರಲ್ಲಿ ಹೇಳುವ ಹಾಗಾಗಬೇಕು. ದಿನಕ್ಕೆ ನಾಲ್ಕೈದು ಮಾಡಿದರೆ ಆಗುತ್ತದೆ.

ಒಟ್ಟಿನಲ್ಲಿ ನನ್ನ ಆಯ್ಕೆ ಹೀಗೆ. ಎ ಪ್ಲಸ್‌ಗೆ ವೀಡಿಯೊ ಮತ್ತು ಪ್ರಶ್ನೆಗಳು. ಸೆಕ್ಯೂರಿಟಿ ಪ್ಲಸ್‌ಗೆ ಹೆಚ್ಚೂ ಕಮ್ಮಿ ಪ್ರಶ್ನೆಗಳೇ. ಸಿಸಿಎನ್‌ಎಗೆ ಲ್ಯಾಬ್ ಮೊದಲು, ಉಳಿದದ್ದು ಆಮೇಲೆ. ಐಟಿ ಸೇವೆಗಳ ನಿರ್ವಹಣೆಯ ಬಗೆಗಿನ ಐಟಿಲ್ 4 ಫೌಂಡೇಶನ್ 40 ಪ್ರಶ್ನೆ, 60 ನಿಮಿಷದ ಪರೀಕ್ಷೆ, 26 ಸರಿಯಾದರೆ ಪಾಸು. ಅದಕ್ಕೆ ಇಷ್ಟೆಲ್ಲ ಯೋಜನೆ ಬೇಡ, ವ್ಯಾಖ್ಯೆಗಳು ಬಾಯಿಗೆ ಬಂದರೆ ಸಾಕು.

ಕಾಂಪ್‌ಟಿಯಾ ಮತ್ತು ಸಿಸ್ಕೊ ನಡುವೆ ಒಂದು ವ್ಯತ್ಯಾಸವನ್ನು ಮೊದಲೇ ತಿಳಿದುಕೊಂಡಿರಿ. ಕಾಂಪ್‌ಟಿಯಾದಲ್ಲಿ ಮಾಡಿ ತೋರಿಸುವ ಪ್ರಶ್ನೆಗಳು, ಅಂದರೆ ಪಿಬಿಕ್ಯೂಗಳು, ಸಾಮಾನ್ಯವಾಗಿ ಆರಂಭದಲ್ಲೇ ಬರುತ್ತವೆ. ಅವುಗಳಿಗೆ ಗುರುತು ಹಾಕಿ ಮುಂದೆ ಹೋಗಿ, ಕೊನೆಗೆ ವಾಪಸ್ ಬರಬಹುದು. ನಾನು ಪ್ರತಿ ಸಲವೂ ಹಾಗೇ ಮಾಡುತ್ತೇನೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಖಾಲಿ ಬಿಡುವ ಮಾತೇ ಇಲ್ಲ. ಸಿಸಿಎನ್‌ಎಯಲ್ಲಿ 120 ನಿಮಿಷ ಇದೆ, ಆದರೆ ‘ನೆಕ್ಸ್ಟ್’ ಒತ್ತಿದರೆ ಮುಗಿಯಿತು, ಹಿಂದಕ್ಕೆ ಬರುವ ದಾರಿ ಇಲ್ಲ. ಒಂದರ ಅಭ್ಯಾಸ ಇನ್ನೊಂದಕ್ಕೆ ಹೊಂದುವುದಿಲ್ಲ.

ಬರಹ: ಪ್ರಬಂಧ ಮೊದಲಾ, ರೂಬ್ರಿಕ್ ಮೊದಲಾ

ರಿಪೋರ್ಟ್ ಬರೆಯಲು ಎರಡು ದಾರಿ. ವಿಷಯದ ಬಗ್ಗೆ ಚೆನ್ನಾಗಿ ಓದಿ, ಒಂದು ಓಘದಲ್ಲಿ ಪ್ರಬಂಧ ಬರೆದು, ಆಮೇಲೆ ರೂಬ್ರಿಕ್‌ಗೆ ಹೊಂದಿಸುವುದು ಒಂದು. ರೂಬ್ರಿಕ್‌ನ ಪ್ರತಿ ಸಾಲನ್ನೂ ಮೊದಲೇ ಶೀರ್ಷಿಕೆಯಾಗಿ ಇಳಿಸಿಕೊಂಡು, ಅದರ ಕೆಳಗೆ ಉತ್ತರ ತುಂಬುವುದು ಇನ್ನೊಂದು. ಮೊದಲ ದಾರಿಯ ಬರಹ ಓದಲು ಚೆನ್ನಾಗಿರುತ್ತದೆ. ಎರಡನೆಯದು ಸ್ವಲ್ಪ ಸರ್ಕಾರಿ ಅರ್ಜಿಯ ಹಾಗೆ ಕಾಣುತ್ತದೆ. ಆದರೂ ಎರಡನೆಯದೇ ಗೆಲ್ಲುತ್ತದೆ, ಸಲೀಸಾಗಿ ಗೆಲ್ಲುತ್ತದೆ. ಮೌಲ್ಯಮಾಪಕರ ಕೈಯಲ್ಲಿರುವುದು ಅದೇ ಪಟ್ಟಿ. ಅವರು ಬರಹದಲ್ಲಿ ಆ ಸಾಲುಗಳನ್ನು ಹುಡುಕುತ್ತಾರೆ. ಸಿಕ್ಕರೆ ಅಂಕ, ಸಿಗದಿದ್ದರೆ ತಿದ್ದಲು ವಾಪಸ್. ಪ್ರಬಂಧದ ದಾರಿಯಲ್ಲಿ ಬರೆದ ರಿಪೋರ್ಟುಗಳು ನನಗೆ ವಾಪಸ್ ಬಂದದ್ದು ಹೆಚ್ಚಾಗಿ ವಿಷಯ ತಪ್ಪಿದ್ದಕ್ಕಲ್ಲ. ಉತ್ತರ ನಾಲ್ಕನೇ ಪುಟದ ಮಧ್ಯದಲ್ಲೆಲ್ಲೋ ಅಡಗಿತ್ತು, ಅಷ್ಟೇ.

ಎರಡು ಪ್ಯಾರಾಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಸನ್ನಿವೇಶ ಇದು: ಒಂದು ಸಣ್ಣ ಕಚೇರಿ, ವೈಫೈಗೆ ಎಲ್ಲರಿಗೂ ಒಂದೇ ಪಾಸ್‌ವರ್ಡ್. ಪರಿಹಾರ ಸೂಚಿಸಿ, ಕಾರಣ ಕೊಡಿ ಅಂತ ರೂಬ್ರಿಕ್ ಕೇಳುತ್ತದೆ. ಮೊದಲ ಪ್ಯಾರಾ ಹೀಗೆ ಹೋಗುತ್ತದೆ: ‘ವೈಫೈನ ಹಳೆಯ ಭದ್ರತಾ ವಿಧಾನ ವೆಪ್‌ನಲ್ಲಿ ದೋಷಗಳಿದ್ದವು, 2003ರಲ್ಲಿ ಡಬ್ಲ್ಯೂಪಿಎ ಬಂತು, 2004ರಲ್ಲಿ ಡಬ್ಲ್ಯೂಪಿಎ2, 2018ರಲ್ಲಿ ಡಬ್ಲ್ಯೂಪಿಎ3. ಆದ್ದರಿಂದ ಹೊಸದನ್ನು ಬಳಸಬೇಕು.’ ಎಲ್ಲವೂ ನಿಜ, ಆದರೆ ಈ ಕಚೇರಿಯ ಸುದ್ದಿಯೇ ಅದರಲ್ಲಿ ಇಲ್ಲ. ಎರಡನೇ ಪ್ಯಾರಾ: ‘ಈಗ ಒಬ್ಬರು ಕೆಲಸ ಬಿಟ್ಟರೆ ಪಾಸ್‌ವರ್ಡ್ ಅವರ ಫೋನಿನಲ್ಲೇ ಉಳಿಯುತ್ತದೆ. ಬದಲಿಸಬೇಕೆಂದರೆ ಎಲ್ಲರ ಸಾಧನವನ್ನೂ ಮುಟ್ಟಬೇಕು. ಬಳಕೆದಾರರನ್ನು ಒಬ್ಬೊಬ್ಬರಾಗಿ ಗುರುತಿಸುವ 802.1ಎಕ್ಸ್ ಅಳವಡಿಸಿದರೆ ಪ್ರತಿಯೊಬ್ಬರಿಗೂ ಸ್ವಂತ ಲಾಗಿನ್ ಇರುತ್ತದೆ, ಬಿಟ್ಟುಹೋದವರ ಖಾತೆ ಒಂದನ್ನು ಮುಚ್ಚಿದರೆ ಸಾಕು. ಇದಕ್ಕೆ ಲಾಗಿನ್ ಪರಿಶೀಲಿಸುವ ರೇಡಿಯಸ್ ಸರ್ವರ್ ಬೇಕಾಗುತ್ತದೆ, ಅದರ ನಿರ್ವಹಣೆಯ ಹೊರೆ ಹೆಚ್ಚುತ್ತದೆ.’ ಇತಿಹಾಸ ಒಂದು ಸಾಲೂ ಇಲ್ಲ, ಆದರೆ ಪಾಸಾಗುವುದು ಇದು. ಕೊನೆಯ ವಾಕ್ಯವನ್ನು ಗಮನಿಸಿದಿರಾ? ತನ್ನ ಸಲಹೆಯ ತೊಂದರೆಯನ್ನೂ ತಾನೇ ಹೇಳಿದೆ. ಆ ಒಂದು ಸಾಲಿನಿಂದ ಇಡೀ ವಾದಕ್ಕೆ ತೂಕ ಬರುತ್ತದೆ.

ಮೂಲಗಳ ವಿಷಯಕ್ಕೆ ಬಂದರೆ, ಎನ್‌ಐಎಸ್‌ಟಿ (ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ) ದಾಖಲೆಗಳನ್ನು ನೇರವಾಗಿ ಉಲ್ಲೇಖಿಸುವುದು ಬ್ಲಾಗ್‌ಗಳನ್ನು ಉಲ್ಲೇಖಿಸುವುದಕ್ಕಿಂತ ಎಷ್ಟೋ ಮೇಲು. ಉಚಿತವಾಗಿ ಸಿಗುತ್ತವೆ, ಯಾರೂ ಪ್ರಶ್ನಿಸುವುದಿಲ್ಲ. ಆವೃತ್ತಿ ಮಾತ್ರ ನೋಡಿಕೊಳ್ಳಿ. ಸೆಕ್ಯೂರಿಟಿ ಘಟನೆಗಳನ್ನು ನಿಭಾಯಿಸುವ ಬಗೆಗಿನ 800-61ರ ಎರಡನೇ ಪರಿಷ್ಕರಣೆ 2012ರದ್ದು, ಮೂರನೆಯದು 2025ರಲ್ಲಿ ಬಂದಿದೆ. ಹಳೆಯ ಟಿಪ್ಪಣಿಗಳೆಲ್ಲ ಎರಡನೆಯದನ್ನೇ ಹಿಡಿದುಕೊಂಡಿವೆ. ಉಲ್ಲೇಖಗಳನ್ನು ಕೈಯಿಂದ ಟೈಪ್ ಮಾಡುವುದಾ, ಅವುಗಳನ್ನು ತಾನೇ ಜೋಡಿಸಿಕೊಡುವ ಜೊಟೆರೊ ತಂತ್ರಾಂಶ ಬಳಸುವುದಾ ಅಂತ ಕೇಳಿದರೆ ಚರ್ಚೆಯೇ ಇಲ್ಲ, ಜೊಟೆರೊ.

ಎಐ ಬರೆದ ಕರಡನ್ನೂ ಪರೀಕ್ಷಿಸಿ ನೋಡಿದೆ, ಸಲ್ಲಿಸಲು ಅಲ್ಲ, ಹೋಲಿಕೆಗೆ. ನಯವಾಗಿ ಬರುತ್ತದೆ, ಆದರೆ ಮೇಲಿನ ಮೊದಲ ಪ್ಯಾರಾದ ಜಾತಿಯದ್ದೇ. ಅದು ಕೊಟ್ಟ ಉಲ್ಲೇಖಗಳಲ್ಲಿ ಕೆಲವನ್ನು ಹುಡುಕಿದರೆ ಅಂಥ ಲೇಖನವೇ ಇರಲಿಲ್ಲ. ನಿಯಮ ಒಂದೊಂದು ಸಂಸ್ಥೆಯಲ್ಲಿ ಒಂದೊಂದು ಥರ ಇರುವುದರಿಂದ ಮೊದಲು ಅದನ್ನು ಓದಿಕೊಳ್ಳಿ. ಬರೆದದ್ದನ್ನು ಅದಕ್ಕೆ ತೋರಿಸಿ ‘ಇದರಲ್ಲಿ ಯಾವ ಮಾತಿಗೆ ಕಾರಣ ಕೊಟ್ಟಿಲ್ಲ’ ಅಂತ ಕೇಳಲು ಅನುಮತಿ ಇದ್ದರೆ, ಅಷ್ಟರ ಮಟ್ಟಿಗೆ ಉಪಯೋಗ.

ಎರಡು ಒಟ್ಟಿಗೆ ಅಥವಾ ಒಂದಾದ ಮೇಲೊಂದು

ಎರಡು ಸರ್ಟಿಫಿಕೇಶನ್‌ಗಳನ್ನು ಒಟ್ಟಿಗೆ ಓದುವುದು ಕೆಟ್ಟ ಜೋಡಿ. ಪೋರ್ಟ್ ಸಂಖ್ಯೆ, ಸಂಕ್ಷಿಪ್ತ ಹೆಸರುಗಳು ಒಂದಕ್ಕೊಂದು ಕಲಸಿಹೋಗುತ್ತವೆ. ಎರಡು ರಿಪೋರ್ಟ್ ಒಟ್ಟಿಗೆ ಬರೆದರೆ ಎರಡೂ ಎಳೆಯುತ್ತವೆ. ಒಂದು ಪರೀಕ್ಷೆ, ಒಂದು ರಿಪೋರ್ಟ್, ಇದು ಒಳ್ಳೆಯ ಜೋಡಿ. ತಲೆ ಚುರುಕಾಗಿರುವ ಹೊತ್ತಿನಲ್ಲಿ ಪ್ರಶ್ನೆಗಳು, ದಣಿದ ಹೊತ್ತಿನಲ್ಲಿ ರಿಪೋರ್ಟಿನ ಒಂದೇ ಒಂದು ಶೀರ್ಷಿಕೆ. ರಿಪೋರ್ಟ್ ಮೌಲ್ಯಮಾಪನಕ್ಕೆ ಹೋದಾಗ ಸುಮ್ನೆ ಕೂರುವ ಬದಲು ಪರೀಕ್ಷೆಯ ಓದು ಮುಂದೆ ಸಾಗುತ್ತದೆ. ನೆಟ್‌ವರ್ಕ್ ಪ್ಲಸ್ ಮುಗಿಸಿ ಸೆಕ್ಯೂರಿಟಿ ಪ್ಲಸ್‌ಗೆ ಹೋಗುವುದು ತಿರುಗುಮುರುಗಾಗಿ ಮಾಡುವುದಕ್ಕಿಂತ ಹಗುರ. ಫೈರ್‌ವಾಲ್, ವಿಪಿಎನ್, ಡಿಎನ್‌ಎಸ್ ಎಲ್ಲ ಅಷ್ಟರಲ್ಲಿ ಪರಿಚಯವಾಗಿರುತ್ತವೆ. ಈ ಸರ್ಟಿಫಿಕೇಟುಗಳು ಮೂರು ವರ್ಷಕ್ಕೆ ಮುಗಿಯುತ್ತವೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಡಿಗ್ರಿ ನಿಧಾನವಾಗಿ ಮಾಡುವವರು ಎಲ್ಲವನ್ನೂ ಶುರುವಿನಲ್ಲೇ ಮುಗಿಸಿದರೆ, ಕೆಲಸ ಹುಡುಕುವ ಹೊತ್ತಿಗೆ ನವೀಕರಣದ ಚಿಂತೆ ಬರುತ್ತದೆ.

ಮನೆಯಲ್ಲಿ ಅಥವಾ ಕೇಂದ್ರದಲ್ಲಿ

ಕಾಂಪ್‌ಟಿಯಾ, ಸಿಸ್ಕೊ, ಎಡಬ್ಲ್ಯೂಎಸ್ ಪರೀಕ್ಷೆಗಳನ್ನು ಮನೆಯಿಂದ, ಪರೀಕ್ಷೆ ನಡೆಸಿಕೊಡುವ ಸಂಸ್ಥೆ ಪಿಯರ್ಸನ್ ವ್ಯೂನ ಆನ್‌ಲೈನ್ ನಿಗಾ ವ್ಯವಸ್ಥೆಯಲ್ಲಿ ಬರೆಯಬಹುದು, ಅವರ ಕೇಂದ್ರಕ್ಕೆ ಹೋಗಿಯೂ ಬರೆಯಬಹುದು. ಮನೆಯಲ್ಲಿ ಓಡಾಟ ಉಳಿಯುತ್ತದೆ. ಬದಲಿಗೆ ಕೋಣೆಯ ಫೋಟೋ ಕಳಿಸಬೇಕು, ಮೇಜು ಖಾಲಿ ಇರಬೇಕು, ಕ್ಯಾಮೆರಾದಿಂದ ಆಚೆ ಹೋಗುವಂತಿಲ್ಲ, ಪ್ರಶ್ನೆಯನ್ನು ಬಾಯಿಬಿಟ್ಟು ಓದುವಂತಿಲ್ಲ. ತುಟಿ ಅಲ್ಲಾಡಿಸಿ ಓದುವ ಅಭ್ಯಾಸ ಇದ್ದವರಿಗೆ ಇದೊಂದು ಹಿಂಸೆ. ಕಾಗದದ ಬದಲು ತೆರೆಯ ಮೇಲಿನ ವೈಟ್‌ಬೋರ್ಡ್, ಮೌಸ್ ಹಿಡಿದು ಅದರಲ್ಲಿ ಸಬ್‌ನೆಟ್ ಲೆಕ್ಕ ಬರೆಯುವುದು ತಾಳ್ಮೆಯ ಪರೀಕ್ಷೆ. ಕೇಂದ್ರದಲ್ಲಿ ಒರೆಸಿ ಬರೆಯುವ ಹಲಗೆ, ಮಾರ್ಕರ್ ಕೈಗೆ ಕೊಡುತ್ತಾರೆ, ಇಂಟರ್ನೆಟ್ ಕೈಕೊಟ್ಟರೆ ಅದು ಅವರ ತಲೆನೋವು. ಕೇಂದ್ರ ದೂರ ಇದ್ದರೆ ಐಟಿಲ್, ಎಡಬ್ಲ್ಯೂಎಸ್‌ನ ಕ್ಲೌಡ್ ಪ್ರಾಕ್ಟಿಷನರ್‌ನಂಥ ಬರೀ ಆಯ್ಕೆ ಪ್ರಶ್ನೆಗಳ ಪರೀಕ್ಷೆಗಳನ್ನು ಮನೆಯಲ್ಲೇ ಮುಗಿಸಿ. ನೆಟ್‌ವರ್ಕ್ ಪ್ಲಸ್ ಮತ್ತು ಸಿಸಿಎನ್‌ಎ ಎರಡಕ್ಕಾದರೂ ಪ್ರಯಾಣ ಮಾಡಿ.