ಟ್ಯೂಬ್ ಟಿವಿ ಚೆಕ್ ಮಾಡೋಕೆ ಗೀಟಿನ ಚೌಕುಳಿನಾ, ನ್ಯೂಸ್ ಪಟ್ಟಿನಾ?

ಭಾವ ದುಬೈ ಬಿಟ್ಟು ಬರುವಾಗ ಹೊತ್ಕೊಂಡು ಬಂದ 28 ಇಂಚಿನ ಅಗಲ ಪರದೆಯ (16:9) ಟ್ಯೂಬ್ ಟಿವಿ ಈಗ ಡೊಂಬಿವಲಿಯಲ್ಲಿ ನಮ್ಮನೇಲಿದೆ, ಎತ್ತೋಕೆ ಇಬ್ರು ಬೇಕು, ಹೆಂಡ್ತಿಗೆ ಅದು ಕಣ್ಣಿಗೆ ಬಿದ್ರೆ ಸಾಕು ಸಿಟ್ಟು. ಹಳೇ ಡಿವಿಡಿ ನೋಡೋಕೆ ನಂಗೆ ಅದೇ ಬೇಕು. ಆದ್ರೆ ಚಿತ್ರ ಬಲಕ್ಕೆ ವಾಲಿತ್ತು, ಎಡಗಡೆ ಹಸಿರು ಕಲೆ, ಮೂಲೇಲಿ ಅಕ್ಷರದ ಅಂಚು ಕೆಂಪು.

ಎರಡು ಥರ ನೋಡ್ದೆ. ಒಂದು, ಕಪ್ಪು ಮೇಲೆ ಬಿಳಿ ಗೀಟಿನ ಚೌಕುಳಿ, ಕಂಪ್ಯೂಟರಲ್ಲಿ ಮಾಡಿ ಡಿವಿಡಿಗೆ ಹಾಕಿದ್ದು. ಇನ್ನೊಂದು ಸುಮ್ನೆ ಮರಾಠಿ ನ್ಯೂಸ್ ಚಾನೆಲ್, ಕೆಳಗೆ ಓಡೋ ಪಟ್ಟಿ.

ಚೌಕುಳಿ ಹಾಕಿದ ತಕ್ಷಣ ಟಿವಿಯ ಜಾತಕವೇ ಬಿಚ್ಕೊಳ್ತು. ಬಲಗಡೆ ಉದ್ದ ಗೀಟು ಒಳಕ್ಕೆ ಬಾಗಿದೆ, ಮೂಲೇಲಿ ಒಂದೇ ಬಿಳಿ ಗೀಟು ಒಡೆದು ಒಂದು ಕಡೆ ಕೆಂಪು ಇನ್ನೊಂದು ಕಡೆ ನೀಲಿ, ಅಂದ್ರೆ ಕನ್ವರ್ಜೆನ್ಸ್ ತಪ್ಪಿದೆ, ಕೆಂಪು, ಹಸಿರು, ನೀಲಿಯ ಮೂರು ಕಿರಣ ಒಂದೇ ಕಡೆ ಬೀಳ್ತಿಲ್ಲ. ಇಷ್ಟು ಸೂಕ್ಷ್ಮ ನ್ಯೂಸ್ ಪಟ್ಟೀಲಿ ಸಿಗಲ್ಲ. ಆದ್ರೆ ಟಿವಿ 16:9 ಮೋಡಲ್ಲೇ ಇರ್ಬೇಕು, ನಾನು ಮೊದ್ಲು ಸ್ಮಾರ್ಟ್ ಮೋಡಲ್ಲಿಟ್ಟು ಅಂಚಿನ ಚೌಕ ಎಲ್ಲಾ ಅಗಲ ಆಗಿದ್ದು ನೋಡಿ ಟ್ಯೂಬೇ ಹೋಯ್ತು ಅಂದ್ಕೊಂಡಿದ್ದೆ, ಆ ಮೋಡ್ ಬೇಕಂತಲೇ ಅಂಚನ್ನ ಎಳೆಯುತ್ತೆ.

ಹಾಗಂತ ನ್ಯೂಸ್ ಪಟ್ಟೀನ ಹಗುರ ಮಾಡ್ಬೇಡಿ. ಬೆಳ್ಳಗಿನ ಜಾಹೀರಾತು ಬಂದಾಗೆಲ್ಲ ಇಡೀ ಚಿತ್ರ ಉಬ್ಬಿ ಕಪ್ಪು ದೃಶ್ಯ ಬಂದ ಕೂಡ್ಲೇ ಕುಗ್ಗೋದು ನಂಗೆ ಅಲ್ಲೇ ಕಂಡಿದ್ದು, ಟ್ಯೂಬಿಗೆ ಕೊಡೋ ಹೈವೋಲ್ಟೇಜ್ ಸ್ಥಿರ ಇಲ್ಲದ್ದಕ್ಕೆ ಹಾಗಾಗೋದು. ಚೌಕುಳೀಲಿ ಬೆಳಕು ಕಮ್ಮಿ, ಏರಿಳಿತಾನೂ ಇಲ್ಲ, ಅದು ಈ ರೋಗ ಮುಚ್ಚಿಡುತ್ತೆ. ಹಾಂ, ಸೆಕೆಂಡಿಗೆ 100 ಸಲ ಚಿತ್ರ ಬರೆಯೋ 100 ಹರ್ಟ್ಜ್ ಸೆಟ್ಟಾದ್ರೆ ಓಡೋ ಅಕ್ಷರ ಹಲ್ಲುಹಲ್ಲಾಗಿ ಕಾಣ್ಬಹುದು, ಅದು ಒಳಗಿನ ಡಿಜಿಟಲ್ ಸರ್ಕ್ಯೂಟ್ ಕೆಲಸ, ಟ್ಯೂಬ್ ಬೈಬೇಡಿ.

ಹಸಿರು ಕಲೆ ಯಾಕಂತ ಎರಡೂ ಹೇಳ್ಲಿಲ್ಲ. ಪಕ್ಕದಲ್ಲಿದ್ದ, ಒಳಗೆ ಆಯಸ್ಕಾಂತ ಇರೋ ಸ್ಪೀಕರ್ ತೆಗೆದಿಟ್ಟು, ಸ್ಟ್ಯಾಂಡ್‌ಬೈ ಅಲ್ಲ, ಮೇನ್ ಸ್ವಿಚ್ಚೇ ಆರಿಸಿ ಅರ್ಧ ಗಂಟೆ ಬಿಟ್ಟು ಹಾಕಿದ್ರೆ ಧುಂ ಅಂತ ಡೀಗಾಸ್ ಆಗಿ, ಅಂದ್ರೆ ಟ್ಯೂಬಿಗೆ ಅಂಟಿದ ಕಾಂತತೆ ಅಳಿಸಿ, ಕಲೆ ಮಾಯ. ವಾಲಿದ್ದು ಭೂಮಿಯ ಕಾಂತಕ್ಷೇತ್ರದ್ದು, ಉತ್ತರಕ್ಕೆ ಮುಖ ಮಾಡಿದ್ದನ್ನ ಪೂರ್ವದ ಕಡೆ ತಿರುಗಿಸಿದೆ, ಉಳಿದ ಚೂರು ಮೆನುವಿನ ರೊಟೇಶನ್ನಲ್ಲಿ ಸರಿ ಮಾಡ್ದೆ. ಇದೆಲ್ಲಾ ಬಿಟ್ಟು ನೇರ ಸರ್ವಿಸ್ ಮೆನುಗೆ (ರಿಪೇರಿಯವರಿಗೆ ಅಂತ ಇರೋ ಗುಟ್ಟಿನ ಸೆಟ್ಟಿಂಗ್) ಕೈ ಹಾಕೋರು ಇದಾರೆ, ನಾನೂ ಹೊರಟಿದ್ದೆ, ಹಾಕೋದೇ ಆದ್ರೆ ಮೊದ್ಲು ಹಳೇ ನಂಬರ್ ಪೂರ್ತಿ ಬರ್ಕೊಳಿ.

ನನ್ನ ಮತ ಚೌಕುಳಿಗೇ, ಆದ್ರೆ ಹತ್ತು ನಿಮಿಷ ನ್ಯೂಸ್ ನೋಡಿದ್ಮೇಲೆ. ಚೌಕುಳೀಲಿ ಬಾಗಿದ್ದ ಗೀಟು ಒಂದು ದಿನ ಇದ್ದಕ್ಕಿದ್ದಂಗೆ ಎರಡೂ ಕಡೆ ಜಾಸ್ತಿ ಬಾಗಿದ್ರೆ ಸೆಟ್ಟಿಂಗ್ ಬಿಡಿ, ಎಡ-ಬಲದ ಅಂಚು ನೆಟ್ಟಗಿಡೋ ಈಸ್ಟ್-ವೆಸ್ಟ್ ಸರ್ಕ್ಯೂಟಿನ ಪಾರ್ಟು ಹೋಗಿರುತ್ತೆ, ಮುಂಬೈನ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿಗೆ ಹೋಗೋ ಕೆಲಸ.

ಮೂಲೆಯ ಕೆಂಪಂಚು ಇನ್ನೂ ಇದೆ. ಅದಕ್ಕೆ ಹಿಂದಿನ ಮುಚ್ಚಳ ತೆಗೀಬೇಕು, ಒಳಗೆ 25 ಸಾವಿರ ವೋಲ್ಟ್ ಮೇಲಿರುತ್ತೆ, ಆರಿಸಿದ್ಮೇಲೂ ಟ್ಯೂಬಲ್ಲಿ ಚಾರ್ಜ್ ನಿಂತಿರುತ್ತೆ, ನಾನಂತೂ ಸ್ಕ್ರೂಡ್ರೈವರ್ ಮುಟ್ಟಿಲ್ಲ.