ಉದ್ದ ಕಡ್ಡಿಯೋ ಶಾರ್ಕ್ ಫಿನ್ನೋ: ಕಾರಿನ ರೇಡಿಯೋ ಆ್ಯಂಟೆನಾಗಳ ಹೋಲಿಕೆ

ಕಾರಿಗೆ ಯಾವ ಆ್ಯಂಟೆನಾ ಹಾಕಿಸಲಿ ಅಂತ ಯಾರಾದರೂ ಕೇಳಿದರೆ ನಾನು ಮೊದಲು ತಿಳಿದುಕೊಳ್ಳುವುದು ಒಂದೇ. ನಿಮಗೆ ಎಫ್‌ಎಂ ಸಾಕಾ, ಎಎಂ ಕೂಡ ಬೇಕಾ? ಬೆಂಗಳೂರಿನ ಒಳಗೇ ಓಡಾಡುತ್ತಾ ಹಾಡು ಕೇಳುವವರಿಗೆ ಯಾವುದು ಹಾಕಿದರೂ ನಡೆಯುತ್ತದೆ. ನನ್ನ ಹಾಗೆ ಆಗಾಗ ಹಾಸನ, ಸಕಲೇಶಪುರದ ಕಡೆ ಹೋಗುವವರಿಗೆ, ದಾರಿಯುದ್ದಕ್ಕೂ ಆಕಾಶವಾಣಿ ಬೇಕು ಅನ್ನುವವರಿಗೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ನಮ್ಮ ಹಳೆಯ ವ್ಯಾಗನ್‌ಆರ್‌ನಲ್ಲಿ ಸ್ಟೀರಿಯೊ ಬದಲಿಸದೆ, ಅದೇ ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣದ ದಾರಿಯಲ್ಲಿ ನಾಲ್ಕು ಬಗೆ ಹಾಕಿ ನೋಡಿದೆ.

ಗಾಜಿಗೆ ಅಂಟಿಸುವ ಫಿಲ್ಮ್ ಆ್ಯಂಟೆನಾ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ತೂತು ಕೊರೆಯಬೇಕಿಲ್ಲ, ಹೊರಗೆ ಏನೂ ಕಾಣುವುದಿಲ್ಲ, ಕಳ್ಳರ ಭಯ ಇಲ್ಲ. ಆದರೆ ಬೆಂಗಳೂರು ಆಕಾಶವಾಣಿಯ ಎಫ್‌ಎಂ ಕೇಂದ್ರ 101.3 ಕುಣಿಗಲ್ ಬರುವ ಮುಂಚೆಯೇ ಕೈಬಿಟ್ಟಿತು. ಗಾಜಿನ ಮೇಲೇ ಡ್ಯಾಶ್‌ಕ್ಯಾಮ್ ಇದ್ದರೆ ಅದರ ಗಲಾಟೆಯೂ ಇದರೊಳಗೆ ಬರುತ್ತದೆ. ಕ್ಯಾಮೆರಾ ಆಫ್ ಮಾಡಿದರೆ ಸದ್ದು ಇಲ್ಲ, ಆನ್ ಮಾಡಿದರೆ ಮತ್ತೆ ಗರ್ ಅನ್ನುತ್ತದೆ. ಎಎಂ ಅಂತೂ ಕೇಳುವ ಹಾಗೇ ಇರಲಿಲ್ಲ.

ಚಾವಣಿ ಮೇಲೆ ಮೀನಿನ ರೆಕ್ಕೆಯ ಹಾಗೆ ಕಾಣುವ ಶಾರ್ಕ್ ಫಿನ್ ನೋಡಲು ಚೆಂದ, ಒಪ್ಪುತ್ತೇನೆ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸಿಗುವುದರಲ್ಲಿ ಎರಡು ತರಹ ಇದೆ. ಒಂದು ಸುಮ್ನೆ ಅಂದಕ್ಕೆ ಅಂಟಿಸುವ ಪ್ಲಾಸ್ಟಿಕ್ ಚಿಪ್ಪು, ಒಳಗೆ ಏನೂ ಇಲ್ಲ. ಇನ್ನೊಂದರಲ್ಲಿ ಪುಟ್ಟ ಆ್ಯಂಪ್ಲಿಫೈಯರ್ ಇರುತ್ತದೆ. ಕೊಳ್ಳುವಾಗ ತಿರುಗಿಸಿ ಕೆಳಭಾಗ ನೋಡಿ, ಕೇಬಲ್ ಜೊತೆ 12 ವೋಲ್ಟ್ ತಂತಿಯೂ ಹೊರಗೆ ಬಂದಿದೆಯಾ ಅಂತ. ನಾನು ಹಾಕಿದ್ದು ಆ್ಯಂಪ್ಲಿಫೈಯರ್ ಇರುವುದನ್ನೇ. ಊರೊಳಗೆ ಎಫ್‌ಎಂ ಸ್ಪಷ್ಟ, ಕುಣಿಗಲ್ ತನಕ ತಕರಾರಿಲ್ಲ. ಎಎಂನಲ್ಲಿ ಮಾತ್ರ ಊರು ದಾಟಿದ ಮೇಲೆ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಕೇಂದ್ರದಲ್ಲಿ ಬರೀ ಸುಯ್ ಸದ್ದು. ಆ್ಯಂಪ್ಲಿಫೈಯರ್ ದನಿಯನ್ನಷ್ಟೇ ಅಲ್ಲ, ಕೊರಕೊರವನ್ನೂ ಜೋರು ಮಾಡುತ್ತದೆ. ಆ್ಯಂಟೆನಾ ಹಿಡಿಯದ್ದನ್ನು ಅದು ಎಲ್ಲಿಂದ ತರಬೇಕು?

ಇಲ್ಲಿ ಉದ್ದದ ಲೆಕ್ಕ ಸ್ವಲ್ಪ ನೋಡಬೇಕು. ಎಫ್‌ಎಂ ಸುಮಾರು 100 ಮೆಗಾಹರ್ಟ್ಸ್, ಅಲೆಯ ಉದ್ದ 3 ಮೀಟರ್, ಅದರ ಕಾಲು ಭಾಗ 75 ಸೆಂ.ಮೀ. ಹಳೆಯ ಕಾರುಗಳ ಕಡ್ಡಿ ಹೆಚ್ಚುಕಡಿಮೆ ಅಷ್ಟು ಉದ್ದ ಇರುತ್ತಿದ್ದದ್ದು ಇದಕ್ಕೇ. 612 ಕಿಲೋಹರ್ಟ್ಸ್ ಅಂದರೆ ಅಲೆ ಸುಮಾರು 490 ಮೀಟರ್! ಅದಕ್ಕೆ ಸರಿಹೊಂದುವ ಆ್ಯಂಟೆನಾ ಯಾವ ಕಾರಿನ ಮೇಲೂ ಕೂರುವುದಿಲ್ಲ, ಹಾಗಾಗಿ ಎಎಂಗೆ ಕಡ್ಡಿ ಎಷ್ಟು ಉದ್ದ ಇದ್ದರೆ ಅಷ್ಟು ಲಾಭ.

ಚಾವಣಿ ಮೇಲಿನ ಸಾಮಾನ್ಯ ಕಡ್ಡಿಗೂ ಮುಂದಿನ ಗಾಜಿನ ಪಕ್ಕದ ಕಂಬಕ್ಕೆ ಕೂರಿಸುವ, ಎಳೆದು ಉದ್ದ ಮಾಡುವ ಸ್ಟೀಲ್ ಕಡ್ಡಿಗೂ ನಿಜವಾದ ಪೈಪೋಟಿ. ಎಫ್‌ಎಂನಲ್ಲಿ ಎರಡೂ ಸಮ. ಯಡಿಯೂರಿನ ಹತ್ತಿರದವರೆಗೂ 101.3 ಹಿಡಿದವು, ಆಮೇಲೆ ಚನ್ನರಾಯಪಟ್ಟಣದ ಕಡೆ ಹಾಸನದ 102.2 ಶುರು. ಎಎಂನಲ್ಲಿ ಸ್ಟೀಲ್ ಕಡ್ಡಿ ಗೆದ್ದಿತು, ಹಾಸನ ಸಮೀಪಿಸಿದರೂ 612ರ ವಾರ್ತೆ ಪದ ಪದ ಅರ್ಥವಾಗುತ್ತಿತ್ತು. ಆದರೆ ಕಂಬ ಕೊರೆಯಬೇಕು, ವೇಗ ಹೆಚ್ಚಿದರೆ ಗಾಳಿಗೆ ಶಿಳ್ಳೆ ಹಾಕುತ್ತದೆ, ರಸ್ತೆ ಬದಿ ನಿಲ್ಲಿಸಿದಾಗ ಯಾರಾದರೂ ಬಗ್ಗಿಸಿ ಹೋಗುತ್ತಾರೆ. ಹೆಚ್ಚಿನವರಿಗೆ ನಾನು ಚಾವಣಿ ಕಡ್ಡಿಯನ್ನೇ ಹಾಕಿಸಿ ಅನ್ನುತ್ತೇನೆ. ಗಿಡ್ಡ ರಬ್ಬರ್ ತುಂಡು ಬೇಡ, ಪೂರ್ತಿ ಉದ್ದದ್ದು ಇರಲಿ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮುಖ್ಯ ಮಾತು ಕಡ್ಡಿಯ ಬಗ್ಗೆ ಅಲ್ಲ, ಜಾಯಿಂಟ್ ಬಗ್ಗೆ. ಒಳ್ಳೆಯ ಆ್ಯಂಟೆನಾ ಕೆಟ್ಟ ಜಾಯಿಂಟ್‌ನಿಂದ ಸಾಯುತ್ತದೆ. ಒಬ್ಬ ಅಂಗಡಿಯವರು ಕೇಬಲ್ ಸಾಲದು ಅಂತ ಟಿವಿ ಕೇಬಲ್ ತುಂಡು ಸೇರಿಸಿ, ಎಳೆಗಳನ್ನು ಹೊಸೆದು, ಟೇಪ್ ಸುತ್ತಿ ಕೊಟ್ಟಿದ್ದರು. ಎಫ್‌ಎಂ ಬಂತು, ಎಎಂ ಅರ್ಧಕ್ಕರ್ಧ ಇಳಿಯಿತು. ಕಾರಿನ ಆ್ಯಂಟೆನಾ ಕೇಬಲ್ ಒಳಗೆ ನಡುತಂತಿ ಕೂದಲಿನಷ್ಟು ಸಣ್ಣಗಿರುವುದು ಬೇಕೆಂದೇ ಮಾಡಿದ್ದು. ತಂತಿಗೂ ಅದರ ಸುತ್ತಲಿನ ಲೋಹದ ಜಾಲರಿಗೂ ನಡುವೆ ಕೆಪಾಸಿಟೆನ್ಸ್, ಅಂದರೆ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಗುಣ, ಕಡಿಮೆ ಇರಬೇಕು, ಇಲ್ಲದಿದ್ದರೆ ಎಎಂ ಸಿಗ್ನಲ್ ದಾರಿಯಲ್ಲೇ ಸೋರಿಹೋಗುತ್ತದೆ. ಆರ್‌ಜಿ-58 ಅನ್ನುವ ಬಗೆಯ ಕೇಬಲ್ ಆದರೆ ಈ ಕೆಪಾಸಿಟೆನ್ಸ್ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್, ಆರ್‌ಜಿ-62 ಆದರೆ ಸುಮಾರು 44. ಉದ್ದ ಬೇಕಿದ್ದರೆ ಎರಡೂ ತುದಿಗೆ ಪಿನ್ ಇರುವ ಕಾರಿನದ್ದೇ ಎಕ್ಸ್‌ಟೆನ್ಷನ್ ತನ್ನಿ.

ಸ್ಟೀರಿಯೊ ಹಿಂದೆ ಚುಚ್ಚುವ ದಪ್ಪ ಪಿನ್‌ನಲ್ಲೂ ಸ್ಕ್ರೂ ತರಹದ್ದು, ಬೆಸುಗೆ ತರಹದ್ದು ಅಂತ ಎರಡು ಸಿಗುತ್ತವೆ. ಸ್ಕ್ರೂ ಪಿನ್ ಅರ್ಜೆಂಟಿಗೆ ಸರಿ, ಆದರೆ ಹಳ್ಳ ದಿಣ್ಣೆಯ ಕುಲುಕಾಟಕ್ಕೆ ಸಡಿಲವಾಗಿ ಕೊರಕೊರ ಶುರುವಾಗುತ್ತದೆ. ಬೆಸುಗೆಯೇ ವಾಸಿ. ಕಾವು ಚೆನ್ನಾಗಿರುವ ಸೋಲ್ಡರಿಂಗ್ ಐರನ್‌ನಿಂದ ಬೇಗ ಮುಗಿಸಬೇಕು, ತಡ ಮಾಡಿದರೆ ಒಳಗಿನ ಪ್ಲಾಸ್ಟಿಕ್ ಕರಗಿ ನಡುತಂತಿ ಜಾಲರಿಗೆ ತಾಗುತ್ತದೆ. ಆಮೇಲೆ ಮಲ್ಟಿಮೀಟರ್ ಹಿಡಿಯಿರಿ: ಆ್ಯಂಪ್ಲಿಫೈಯರ್ ಇಲ್ಲದ ಕಡ್ಡಿಯಾದರೆ ಪಿನ್ ತುದಿಯಿಂದ ಕಡ್ಡಿಗೆ ಬೀಪ್ ಬರಬೇಕು, ಜಾಲರಿಯಿಂದ ಬಾಡಿಗೂ ಬರಬೇಕು, ಪಿನ್‌ನಿಂದ ಜಾಲರಿಗೆ ಬರಬಾರದು.

ಫೋಕ್ಸ್‌ವ್ಯಾಗನ್, ಸ್ಕೋಡಾ ಇಟ್ಟುಕೊಂಡವರು ಹೊರಗಿನ ಸ್ಟೀರಿಯೊ ಹಾಕಿಸುವಾಗ ಇನ್ನೊಂದು ಗಮನಿಸಿ. ಅವುಗಳಲ್ಲಿ ಸಾಮಾನ್ಯವಾಗಿ ದಪ್ಪ ಪಿನ್ ಬದಲು ಫಕ್ರಾ ಅನ್ನುವ ಬೇರೆ ಆಕಾರದ ಕನೆಕ್ಟರ್ ಇರುತ್ತದೆ, ಚಾವಣಿಯ ಆ್ಯಂಪ್ಲಿಫೈಯರ್‌ಗೆ ಕರೆಂಟು ಅದೇ ಕೇಬಲ್ ಒಳಗಿಂದ ಹೋಗುತ್ತದೆ. ಬರೀ ಆಕಾರ ಬದಲಿಸುವ ಅಡಾಪ್ಟರ್ ಹಾಕಿದರೆ ರೇಡಿಯೋ ಸತ್ತ ಹಾಗೆ. ಕರೆಂಟು ಕೊಡುವ ಅಡಾಪ್ಟರ್ ತಂದು ಅದರ ತಂತಿಯನ್ನು ಸ್ಟೀರಿಯೊದಿಂದ ಆ್ಯಂಟೆನಾಗೆ ಕರೆಂಟು ಕೊಡುವ ನೀಲಿ ತಂತಿಗೆ ಸೇರಿಸಬೇಕು.

ಕೊನೆಗೆ ಅರ್ತ್, ಅಂದರೆ ಆ್ಯಂಟೆನಾ ಬುಡ ಕಾರಿನ ಲೋಹದ ಬಾಡಿಗೆ ಚೆನ್ನಾಗಿ ತಾಗಿರುವುದು. ಚಾವಣಿ ತೂತಿನ ಕೆಳಗೆ, ಒಳಬದಿಯಲ್ಲಿ, ನಟ್ ಕೂರುವಷ್ಟು ಜಾಗದ ಬಣ್ಣ ಕೆರೆದು ಹಲ್ಲಿನ ವಾಷರ್ ಹಾಕಿ, ತುಕ್ಕು ಹಿಡಿಯದಂತೆ ಗ್ರೀಸ್ ಸವರಿ. ನನ್ನ ಕಾರಿನಲ್ಲಿ ಇದೊಂದೇ ಕೆಲಸಕ್ಕೆ, ಎಂಜಿನ್ ಜೊತೆ ತಿರುಗಿ ಕರೆಂಟು ಮಾಡುವ ಆಲ್ಟರ್ನೇಟರ್‌ನಿಂದ ರೇಡಿಯೋದಲ್ಲಿ ಬರುತ್ತಿದ್ದ ಕುಂಯ್ ಸದ್ದು ಪೂರ್ತಿ ನಿಂತಿತು. ಮೇಲಿನ ರಬ್ಬರ್ ಗ್ಯಾಸ್ಕೆಟ್ ಹಳೆಯದಾಗಿದ್ದರೆ ಬದಲಿಸಿ, ಸುತ್ತ ಸಿಲಿಕೋನ್ ಹಚ್ಚಿ. ಸಕಲೇಶಪುರದ ಮಳೆಗಾಲದಲ್ಲಿ ಒಂದು ಸಲ ಕೇಬಲ್ ಒಳಗೆ ನೀರು ಇಳಿದರೆ ಜಾಲರಿ ಕಪ್ಪಾಗುತ್ತಾ ಹೋಗುತ್ತದೆ, ಆಮೇಲೆ ಯಾವ ಪಿನ್ ಹಾಕಿದರೂ ಬೆಸುಗೆ ಹಿಡಿಯುವುದಿಲ್ಲ, ಇಡೀ ಕೇಬಲ್ಲೇ ಬದಲಿಸಬೇಕು.