ಡಬ್ಬಿ ಮೇಲಿನ 650 ಡಿಗ್ರಿ ನೋಡಿ ಮೋಸಹೋದೆ: ಹಳೇ ಮಿಲಿಟರಿ ಜೀಪಿನ ಎಂಜಿನ್‌ಗೆ ಯಾವ ಪೇಂಟ್?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬ್ರಷ್‌ನಲ್ಲಿ ಹಚ್ಚುವ ಎಂಜಿನ್ ಎನಾಮೆಲ್‌ಗೆ. ಈ ಬುದ್ಧಿ ಬರುವಷ್ಟರಲ್ಲಿ ಒಂದೇ ಎಂಜಿನ್‌ಗೆ ಎರಡು ಸಲ ಬಣ್ಣ ಹೊಡೆದಾಗಿತ್ತು. ಎಂಜಿನ್ ಯಾವುದು ಅಂದ್ರೆ ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್ ಎಂಬಿ ಜೀಪಿನ 2.2 ಲೀಟರ್ 'ಗೋ ಡೆವಿಲ್'.

ಮೊದಲು ತಂದದ್ದು ಸಿಲಿಕೋನ್ ಹೀಟ್ ಪೇಂಟ್ ಸ್ಪ್ರೇ. ಡಬ್ಬಿ ಮೇಲೆ 650 ಡಿಗ್ರಿ ಅಂತ ಬರೆದಿತ್ತು. ಪಕ್ಕದ ಎನಾಮೆಲ್ ಡಬ್ಬಿಯಲ್ಲಿ ಬರೀ 150. ಎಂಜಿನ್ ಅಂದ್ಮೇಲೆ ಬಿಸಿ ತಡೆಯುವುದು ಜಾಸ್ತಿ ಇದ್ದಷ್ಟೂ ಒಳ್ಳೇದಲ್ವಾ ಅಂದುಕೊಂಡೆ.

ಬಣ್ಣ ಚೆನ್ನಾಗಿಯೇ ಕೂತಿತು, ಬೇಗ ಒಣಗಿತು. ಆದರೆ ಒಣಗಿತ್ತೇ ಹೊರತು ಗಟ್ಟಿಯಾಗಿರಲಿಲ್ಲ. ಇಂಥ ಪೇಂಟ್ ಪೂರ್ತಿ ಗಟ್ಟಿಯಾಗಲು ಹಂತಹಂತವಾಗಿ 200 ಡಿಗ್ರಿಗೂ ಮೇಲೆ ಕಾಯಬೇಕು. ಆದರೆ ಬ್ಲಾಕ್ ಅಂದರೆ ಎಂಜಿನ್ನಿನ ಮುಖ್ಯ ಒಡಲು, ಅದನ್ನು ತಣ್ಣಗಿಡಲು ಒಳಗೆ ಸದಾ ನೀರು ಓಡಾಡುತ್ತಿರುತ್ತದೆ. ಹೊರಮೈ ನೂರು ಡಿಗ್ರಿಯ ಆಸುಪಾಸಿಗೆ ಬಂದರೆ ಅದೇ ಹೆಚ್ಚು. ಹಾಗಾಗಿ ವಾರಗಟ್ಟಲೆ ಓಡಿಸಿದರೂ ಬಣ್ಣ ಮೆತ್ತಗೇ ಉಳಿಯಿತು.

ಗೊತ್ತಾಗಿದ್ದು ಕಾರ್ಬ್ಯುರೇಟರ್ ಸೋರಿದ ದಿನ. ಪೆಟ್ರೋಲ್ ಇಳಿದ ದಾರಿಯುದ್ದಕ್ಕೂ ಬಣ್ಣ ಕಲಸಿದ ಹಾಗೆ ಆಗಿತ್ತು. ಬಟ್ಟೆಯಲ್ಲಿ ಒರೆಸಿದೆ, ಬಣ್ಣವೆಲ್ಲ ಬಟ್ಟೆಗೆ ಬಂತು. ಆಮೇಲೆ ಬ್ಲಾಕಿಗೆ ಕೂತಿರುವ ಫ್ಯುಯೆಲ್ ಪಂಪ್ ಬಿಚ್ಚಿದೆ, ಅಲ್ಲೂ ಅದೇ ಕಥೆ. ಗ್ಯಾಸ್ಕೆಟ್, ಸೀಲ್ ಎಲ್ಲ ಹಾಕಿ ಜೋಡಿಸಿದ ಎಂಜಿನ್ನನ್ನು ಓವನ್ನಿಗೆ ಹಾಕಿ ಬೇಯಿಸೋಕಾಗುತ್ತಾ? ಎಲ್ಲ ಕೆರೆದು ತೆಗೆದೆ. ಎರಡು ಭಾನುವಾರ ಹೋಯಿತು.

ಬ್ಲಾಕಿನ ಬಣ್ಣಕ್ಕೆ ನಿಜವಾದ ಶತ್ರು ಬಿಸಿಯಲ್ಲ, ಪೆಟ್ರೋಲ್ ಮತ್ತು ಆಯಿಲ್. ಎನಾಮೆಲ್ ಇವೆರಡನ್ನೂ ತಡೆಯುತ್ತದೆ, ಆದರೆ ಪೂರ್ತಿ ಮಾಗಲು ವಾರ ಬಿಡಬೇಕು. ನಾನು ಮರುದಿನವೇ ಎರಡನೇ ಕೋಟ್ ಹಚ್ಚಿ ಒಂದು ಕಡೆ ಸುಕ್ಕು ಬರಿಸಿಕೊಂಡೆ. ಅದು ಡೈನಮೋ ಹಿಂದೆ ಇರುವುದರಿಂದ ಯಾರಿಗೂ ಕಾಣುವುದಿಲ್ಲ ಬಿಡಿ. ಇನ್ನೊಂದು ಕೊರತೆ ಅಂದರೆ, ಈ ಎಂಜಿನ್‌ನಲ್ಲಿ ವಾಲ್ವ್‌ಗಳು ಬ್ಲಾಕಿನಲ್ಲೇ ಇವೆ, ಹೊಗೆ ಹೊರಹೋಗುವ ದಾರಿಯೂ ಅಲ್ಲೇ. ಆ ಬಾಯಿಗಳ ಸುತ್ತ ಎನಾಮೆಲ್ ಸ್ವಲ್ಪ ಕಂದಿದೆ. ನನಗೇನೂ ಬೇಜಾರಿಲ್ಲ.

ಶೇಡ್ ವಿಷಯದಲ್ಲೂ ಎನಾಮೆಲ್ಲೇ ಮುಂದೆ. ವಿಲ್ಲಿಸ್ ಎಂಜಿನ್ ಹಸಿರು, ಅದೇ ಜೀಪನ್ನು ಫೋರ್ಡ್ ಮಾಡಿದಾಗ ಬೂದು. ಹೀಟ್ ಪೇಂಟ್‌ನಲ್ಲಿ ನನಗೆ ಕಪ್ಪು, ಬೆಳ್ಳಿ ಬಿಟ್ಟರೆ ಹೆಚ್ಚೇನೂ ಸಿಗಲಿಲ್ಲ. ಎನಾಮೆಲ್ ಆದರೆ ಬೆರೆಸಿಕೊಳ್ಳಬಹುದು.

ಟೂ-ಪ್ಯಾಕ್ ಪಾಲಿಯುರೆಥೇನ್ (ಹಚ್ಚುವ ಮೊದಲು ಗಟ್ಟಿಯಾಗಿಸುವ ಹಾರ್ಡನರ್ ಬೆರೆಸಿಕೊಳ್ಳುವ ಪೇಂಟ್) ಇವೆರಡಕ್ಕಿಂತ ಗಟ್ಟಿ. ಆದರೆ ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಅನ್ನುವ, ಉಸಿರಲ್ಲಿ ಹೋದರೆ ಶ್ವಾಸಕೋಶಕ್ಕೆ ಹಾನಿ ಮಾಡುವ ರಾಸಾಯನಿಕ ಇರುತ್ತದೆ. ಹೊರಗಿನ ಗಾಳಿ ಕೊಡುವ ಮಾಸ್ಕ್ ಇಲ್ಲದೆ ಸ್ಪ್ರೇ ಮಾಡುವ ಧೈರ್ಯ ನನಗಿಲ್ಲ.

ಹಾಗಂತ ಹೀಟ್ ಪೇಂಟ್ ಕೆಟ್ಟದ್ದಲ್ಲ, ಜಾಗ ತಪ್ಪಿತ್ತು ಅಷ್ಟೆ. ಬ್ಲಾಕಿನಿಂದ ಬಿಸಿ ಹೊಗೆ ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ಅದೇ ಬೇಕು, ಎನಾಮೆಲ್ ಅಲ್ಲಿ ಸುಟ್ಟು ಉದುರುತ್ತದೆ. ತುಕ್ಕು ಉಜ್ಜಿ, ತೆಳ್ಳಗೆ ಹೊಡೆದೆ. ಮೊದಲು ಹತ್ತು ನಿಮಿಷ ಎಂಜಿನ್ ಓಡಿಸಿ ಆರಲು ಬಿಟ್ಟೆ, ಆಮೇಲೆ ಇಪ್ಪತ್ತು, ಆಮೇಲೆ ಇನ್ನೂ ಜಾಸ್ತಿ. ಕಾಯುವಾಗ ಹೊಗೆ, ವಾಸನೆ ಬರುತ್ತದೆ, ಬಯಲಲ್ಲೇ ಮಾಡಿ. ಉಳಿದ ಅರ್ಧ ಡಬ್ಬಿ ಸೈಲೆನ್ಸರ್‌ಗೆ ಆಯಿತು.